ಬಾಣಂತಿಯ ಮಾತು

ಅಮೆರಿಕಾ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿರುವ ಜಾರ್ಜಿಯಾ ರಾಜ್ಯದ ಆಲ್ಬನಿ ಎಂಬ ಊರಿನ ಸುತ್ತಮುತ್ತ ಮೂರು ಸಾವಿರಕ್ಕೂ ಹೆಚ್ಚು ಕೂಸುಗಳನ್ನು ತಮ್ಮ ಎರಡು ಕೈಗಳಿಂದ ಈ ಲೋಕಕ್ಕೆ ಬರಮಾಡಿಕೊಂಡ ಮೇರಿ ಕೋಲಿ ಎಂಬ ಸೂಲಗಿತ್ತಿಯೊಬ್ಬರಿದ್ದರು. 1953ರಲ್ಲಿ ಸಿದ್ಧವಾದ 'ಆಲ್ ಮೈ ಬೇಬೀಸ್' ಎಂಬ ಚಲನಚಿತ್ರದಲ್ಲಿ ಅವರನ್ನು ನಾವು ಇಂದಿಗೂ ಕಾಣಬಹುದು. ಹಳ್ಳಿಯ ಸೂಲಗಿತ್ತಿಯರಿಗೆ ಶುಚಿತ್ವದ ಪಾಠ ಹೇಳುವುದಕ್ಕೆಂದು ಆ ರಾಜ್ಯದ ಆರೋಗ್ಯ ಇಲಾಖೆಯು ಜಾರ್ಜ್ ಸ್ಟೋನಿ ಎಂಬ ನಿರ್ದೇಶಕರಿಂದ ಮಾಡಿಸಿದ ಚಿತ್ರವದು; ತೋರಿಸಲೇಬೇಕೆಂದು ವೈದ್ಯರು ಕೊಟ್ಟ ಅಂಶಗಳ ಪಟ್ಟಿಯೇ ನೂರನ್ನು ಮೀರಿತ್ತು. ಕೈಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು, ಕತ್ತರಿಯನ್ನು ಕುದಿಸಬೇಕು, ಬಿಳಿಯ ಟೋಪಿ ಬಿಳಿಯ ಮೇಲುಡುಪು ಧರಿಸಬೇಕು ಎಂಬ ವಿಧಿಗಳನ್ನೆಲ್ಲ ಮೇರಿ ಕೋಲಿ ತಪ್ಪದೆ ನಡೆಸಿ ತೋರಿಸುತ್ತಾರೆ. ಆದರೆ ಚಿತ್ರವನ್ನು ನೋಡಿ ಮುಗಿಸಿದವನ ಮನಸ್ಸಿನಲ್ಲಿ ಉಳಿಯುವುದು ಆ ಪಟ್ಟಿಯಲ್ಲ. ಬೇನೆ ತಿನ್ನುತ್ತಿರುವ ಹೆಂಗಸಿನ ಮಗ್ಗುಲಲ್ಲಿ ಅವಸರವಿಲ್ಲದೆ ನಿಂತು, ಅವಳು ಹೇಳುವುದನ್ನು ಪೂರ್ತಿಯಾಗಿ ಕೇಳಿಸಿಕೊಂಡು, ಆಮೇಲೆ ಮೆಲ್ಲನೆ ಒಂದು ಮಾತಾಡುವ ಆ ದೊಡ್ಡ ಹೆಂಗಸಿನ ಸಮಾಧಾನವೇ ಉಳಿಯುವುದು. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎನ್ನುತ್ತೇವೆ. ಆ ಮರುಹುಟ್ಟಿನ ಹೊತ್ತಿನಲ್ಲಿ ಹತ್ತಿರ ಯಾರಿರುತ್ತಾರೆ, ಅವಳ ಮಾತನ್ನು ಯಾರು ನಂಬುತ್ತಾರೆ ಎಂಬ ಪ್ರಶ್ನೆ ಎಷ್ಟು ದೊಡ್ಡದೆಂಬುದನ್ನು ಅರಿಯಬೇಕಾದರೆ ಅಮೆರಿಕದ ಕಪ್ಪು ಜನಾಂಗದ ತಾಯಂದಿರ ಕಥೆಯನ್ನು ಕೇಳಬೇಕು.

ಮೇರಿ ಕೋಲಿಯಂಥವರನ್ನು ಅಲ್ಲಿ 'ಗ್ರ್ಯಾನಿ ಮಿಡ್‌ವೈಫ್' ಎಂದು ಕರೆಯುವ ರೂಢಿಯಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಸೂಲಗಿತ್ತಿ ಅಜ್ಜಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು ಹದಿನೈದು ಸಾವಿರಕ್ಕೂ ಮಿಕ್ಕ ಹೆರಿಗೆಗಳನ್ನು ಮಾಡಿಸಿ, ಕಡೆಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಾಗ ಸೂಲಗಿತ್ತಿ ನರಸಮ್ಮ ಎಂದೇ ದೇಶಕ್ಕೆಲ್ಲ ಪರಿಚಿತರಾದುದನ್ನು ನಾವು ಬಲ್ಲೆವು. ಕಸುಬೇ ಹೆಸರಾಗುವಷ್ಟು ಗೌರವ ಆ ಕೈಗುಣಕ್ಕೆ ನಮ್ಮಲ್ಲಿದ್ದಂತೆ ಅಲ್ಲಿಯೂ ಇತ್ತು. ಆದರೆ ಅಲ್ಲಿಯ ಅಜ್ಜಿಯರ ವಿದ್ಯೆಯ ಹಿಂದೆ ಬೇರೊಂದು ಚರಿತ್ರೆಯ ಭಾರವಿತ್ತು. ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟ ಸ್ತ್ರೀಯರು ತಮ್ಮೊಡನೆ ಕೊಂಡೊಯ್ಯಬಹುದಾಗಿದ್ದುದು ನೆನಪಿನಲ್ಲಿದ್ದ ವಿದ್ಯೆಯನ್ನು ಮಾತ್ರ. 1662ರಲ್ಲಿ ವರ್ಜೀನಿಯಾ ವಸಾಹತು ಮಾಡಿದ ಕಾನೂನಿನ ಪ್ರಕಾರ ಹುಟ್ಟಿದ ಮಗು ಸ್ವತಂತ್ರವೋ ಗುಲಾಮವೋ ಎಂಬುದು ತಾಯಿಯ ಸ್ಥಿತಿಯನ್ನು ಅನುಸರಿಸಿ ನಿರ್ಣಯವಾಗುತ್ತಿತ್ತು. ಎಂದರೆ, ಗುಲಾಮ ಹೆಣ್ಣಿನ ಗರ್ಭವೇ ಧಣಿಯ ಆಸ್ತಿಯನ್ನು ಹೆಚ್ಚಿಸುವ ಕಣಜವಾಯಿತು. ಅಂಥ ಹೆಣ್ಣಿನ ಹೆರಿಗೆಯನ್ನು ಮಾಡಿಸುತ್ತಿದ್ದವಳೂ ಇನ್ನೊಬ್ಬ ಗುಲಾಮ ಹೆಣ್ಣೇ. ಎಷ್ಟೋ ವೇಳೆ ಧಣಿಯ ಹೆಂಡತಿಗೆ ಬೇನೆ ಬಂದಾಗಲೂ ಅವಳಿಗೇ ಕರೆ ಹೋಗುತ್ತಿತ್ತು.

1865ರಲ್ಲಿ ಗುಲಾಮಗಿರಿ ಅಳಿದ ಮೇಲೂ ದಕ್ಷಿಣದ ಹಳ್ಳಿಗಳಲ್ಲಿ ಕಪ್ಪು ಜನರಿಗೆ ವೈದ್ಯನಿಲ್ಲ, ಆಸ್ಪತ್ರೆಯ ಬಾಗಿಲು ತೆರೆಯುವುದಿಲ್ಲ, ಇದ್ದುದು ಅಜ್ಜಿಯೊಬ್ಬಳೇ. ಆಲಬಾಮಾ ರಾಜ್ಯದ ಗ್ರೀನ್ ಕೌಂಟಿಯ ಮಾರ್ಗರೆಟ್ ಚಾರ್ಲ್ಸ್ ಸ್ಮಿತ್ ಎಂಬವರನ್ನು ಈ ಪರಂಪರೆಯ ಕಡೆಯ ಕೊಂಡಿಗಳಲ್ಲಿ ಒಬ್ಬರೆಂದು ಎಣಿಸುತ್ತಾರೆ. ಅವರು ಹುಟ್ಟಿದ್ದು 1906ರಲ್ಲಿ. ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ತಾಯಿಯನ್ನು ಕಳೆದುಕೊಂಡ ಆ ಕೂಸನ್ನು ಸಾಕಿದವಳು ಗುಲಾಮಗಿರಿಯಲ್ಲಿ ಹುಟ್ಟಿ ಅದನ್ನು ಕಣ್ಣಾರೆ ಕಂಡಿದ್ದ ಅಜ್ಜಿ. ತಾಯಿಯಿಲ್ಲದೆ ಬೆಳೆದ ಆ ಹುಡುಗಿಯೇ ಮುಂದೆ ಮೂರು ಸಾವಿರದಷ್ಟು ತಾಯಂದಿರ ಹೆರಿಗೆಗೆ ಒದಗಿದಳೆಂಬುದನ್ನು ನೆನೆದಾಗ ನನ್ನ ಮನಸ್ಸು ತುಂಬಿಬರುತ್ತದೆ. ಕೆಸರಿನ ದಾರಿಯಲ್ಲಿ ರಾತ್ರಿಯೆನ್ನದೆ ನಡೆದು ಹೋಗುವುದು, ತೋಟದ ಒಡೆಯರ ಹೊಲದಲ್ಲಿ ದುಡಿದು ಬಳಲಿದ ಹೆಂಗಸಿನ ಮನೆಯಲ್ಲಿ ಬೇನೆ ಮುಗಿಯುವ ತನಕ ಕಾದು ಕೂರುವುದು, ಕೂಸನ್ನು ತೊಳೆದು ಬಟ್ಟೆ ಸುತ್ತಿ ತಾಯಿಯ ಪಕ್ಕದಲ್ಲಿ ಮಲಗಿಸಿ, ಆ ಮನೆಯಲ್ಲಿ ಒಲೆ ಹಚ್ಚುವವರು ಬೇರೆ ಯಾರೂ ಇಲ್ಲದಿದ್ದರೆ ತಾನೇ ಹಚ್ಚಿ, ಆಮೇಲೆ ಮನೆಯ ಹಾದಿ ಹಿಡಿಯುವುದು, ಇದು ಅವರ ಮತ್ತು ಅವರಂಥವರ ಬಾಳಿನ ರೀತಿ. ಕೈಗೆ ಬರುತ್ತಿದ್ದುದು ಕೆಲವು ಡಾಲರು. ಎಷ್ಟೋ ಸಲ ಅದೂ ಇಲ್ಲ. ತಮ್ಮ ಬಾಳಿನ ಕಥೆಯನ್ನು ಅವರು ಹೇಳಿಸಿ ಬರೆಯಿಸಿದ ಪುಸ್ತಕ 1996ರಲ್ಲಿ ಪ್ರಕಟವಾಯಿತು. 'ಲಿಸನ್ ಟು ಮಿ ಗುಡ್' ಎಂಬ ಅದರ ಹೆಸರನ್ನು ನಮ್ಮ ಅಜ್ಜಿಯರ ಬಾಯಲ್ಲಿ ಕೇಳುವುದಾದರೆ 'ನಾ ಹೇಳೋದನ್ನ ನೆಟ್ಟಗೆ ಕೇಳು' ಎಂದಾದೀತು.

ಕೇಳುವವರು ಇರಲಿಲ್ಲ. 1921ರಲ್ಲಿ ತಾಯಿಮಕ್ಕಳ ಆರೋಗ್ಯಕ್ಕೆಂದು ಹಣವೊದಗಿಸುವ ಶೆಪರ್ಡ್-ಟೌನರ್ ಕಾಯಿದೆ ಬಂದಾಗ ಸೂಲಗಿತ್ತಿಯರಿಗೆ ಶಿಕ್ಷಣವೂ ಪರವಾನಗಿಯೂ ದೊರೆಯುವ ವ್ಯವಸ್ಥೆಯಾಯಿತೇನೋ ನಿಜ. ಅದರೊಡನೆ ಪರೀಕ್ಷೆಯೂ ಬಂತು. ಸರ್ಕಾರದ ದಾದಿಯೊಬ್ಬಳು ಬಂದು ಚೀಲವನ್ನು ಬಿಚ್ಚಿಸಿ ನೋಡುವಳು: ಕತ್ತರಿ, ಹೊಕ್ಕುಳಬಳ್ಳಿಗೆ ಕಟ್ಟುವ ದಾರ, ಕೂಸಿನ ಕಣ್ಣಿಗೆ ಹಾಕುವ ಸಿಲ್ವರ್ ನೈಟ್ರೇಟಿನ ಹನಿ, ಒಗೆದು ಇಸ್ತ್ರಿ ಮಾಡಿದ ಮೇಲುಡುಪು ಇರಬೇಕು, ತಲೆಮಾರಿನಿಂದ ಬಂದ ಬೇರು ಸೊಪ್ಪುಗಳು ಇರಕೂಡದು. ಶುಚಿತ್ವದ ಪಾಠ ಒಳ್ಳೆಯದೇ. ಆದರೆ ಪರಿಣತರೆನಿಸಿಕೊಂಡ ವೈದ್ಯರನೇಕರು ದೇಶದ ತಾಯಂದಿರ ಸಾವಿಗೆಲ್ಲ ಈ 'ಅಜ್ಞ' ಮುದುಕಿಯರೇ ಕಾರಣರೆಂದು ಪ್ರಚಾರ ಮಾಡತೊಡಗಿದರು. ಶಿಕ್ಷಣವೆಂಬುದು ಸೂಲಗಿತ್ತಿಯರನ್ನು ಬೆಳೆಸುವುದಕ್ಕಲ್ಲದೆ ಮೆಲ್ಲಮೆಲ್ಲನೆ ಕಡಮೆ ಮಾಡುವುದಕ್ಕೆ ಉಪಾಯವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಹೆರಿಗೆಗಳಲ್ಲಿ ಸುಮಾರು ಅರ್ಧವನ್ನು ಮಾಡಿಸುತ್ತಿದ್ದ ಸೂಲಗಿತ್ತಿಯರು 1970ರ ಹೊತ್ತಿಗೆ ನೂರಕ್ಕೆ ಒಂದರಷ್ಟಕ್ಕೆ ಇಳಿದುಹೋಗಿದ್ದರು. 1976ರಲ್ಲಿ ಆಲಬಾಮಾ ರಾಜ್ಯವು ದಾದಿಯ ಪದವಿಯಿಲ್ಲದ ಸೂಲಗಿತ್ತಿಯರ ವೃತ್ತಿಯನ್ನೇ ಕಾನೂನಿನಿಂದ ನಿಷೇಧಿಸಿತು.

ಆಸ್ಪತ್ರೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1930ರ ಸುಮಾರಿಗೆ ಅಮೆರಿಕದಲ್ಲಿ ಒಂದು ಲಕ್ಷ ಹೆರಿಗೆಗೆ ಆರುನೂರಕ್ಕಿಂತ ಹೆಚ್ಚು ತಾಯಂದಿರು ಸಾಯುತ್ತಿದ್ದರು. ಸೋಂಕನ್ನು ಕೊಲ್ಲುವ ಔಷಧಗಳೂ ರಕ್ತ ಕೊಡುವ ವ್ಯವಸ್ಥೆಯೂ ಬಂದ ಮೇಲೆ, 1950ರ ವೇಳೆಗೆ ಆ ಸಂಖ್ಯೆ ನೂರಕ್ಕಿಂತ ಕೆಳಗಿಳಿಯಿತು. ಇಂಥ ವಿದ್ಯೆಗೆ ಕೈಮುಗಿಯಬೇಕು. ಆದರೆ ವೈದ್ಯನು ಒಳಗೆ ಬರುವಾಗ ಸೂಲಗಿತ್ತಿಯನ್ನು ಹೊರಗೆ ಅಟ್ಟಲೇಬೇಕಾದ ಅವಶ್ಯಕತೆಯೇನೂ ಇರಲಿಲ್ಲ. ದಕ್ಷಿಣ ಕೆರೊಲೈನಾದಲ್ಲಿ ಮಾಡ್ ಕ್ಯಾಲೆನ್ ಎಂಬ ಕಪ್ಪು ಮಹಿಳೆ ದಾದಿಯ ಶಿಕ್ಷಣವನ್ನೂ ಸೂಲಗಿತ್ತಿಯ ಶಿಕ್ಷಣವನ್ನೂ ಪಡೆದು ಹಳ್ಳಿಹಳ್ಳಿ ಸುತ್ತುತ್ತಿದ್ದುದನ್ನು 1951ರ ಡಿಸೆಂಬರಿನಲ್ಲಿ 'ಲೈಫ್' ಪತ್ರಿಕೆ ಯೂಜಿನ್ ಸ್ಮಿತ್ ಅವರ ಛಾಯಾಚಿತ್ರಗಳೊಡನೆ ಪ್ರಕಟಿಸಿದಾಗ, ಓದುಗರು ತಾವಾಗಿಯೇ ಕಳುಹಿಸಿದ ಹಣದಿಂದ ಆಕೆಗೊಂದು ಚಿಕಿತ್ಸಾಲಯವೇ ಎದ್ದಿತು. ಎರಡು ವಿದ್ಯೆಗಳೂ ಒಂದೇ ಕೈಯಲ್ಲಿ ಕೂಡಿ ಬಾಳಬಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೂ ಆ ದಾರಿಯನ್ನು ದೇಶ ಹಿಡಿಯಲಿಲ್ಲ. ಕಪ್ಪು ಹೆಂಗಸು ತನ್ನವರ ಕೈಯಿಂದ ತಪ್ಪಿ, ತನ್ನ ಪರಿಚಯವಿಲ್ಲದ, ಬಹುಕಾಲ ತನ್ನನ್ನು ಬಾಗಿಲಿನಿಂದಾಚೆಗೇ ನಿಲ್ಲಿಸಿದ್ದ ಆಸ್ಪತ್ರೆಯ ಮಂಚದ ಮೇಲೆ ಒಂಟಿಯಾದಳು.

ಇಂದಿನ ಲೆಕ್ಕವನ್ನು ನೋಡೋಣ. ಅಮೆರಿಕ ಸರ್ಕಾರದ ರೋಗನಿಯಂತ್ರಣ ಕೇಂದ್ರದ ಅಂಕಿಗಳಂತೆ, ಕೊರೋನಾ ಮಾರಿ ಹರಡಿದ್ದ 2021ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಬಿಳಿಯ ತಾಯಂದಿರಲ್ಲಿ 26.6, ಕಪ್ಪು ತಾಯಂದಿರಲ್ಲಿ 69.9 ಮರಣಗಳು ಸಂಭವಿಸಿದುವು. ಎಣಿಸುವ ಕ್ರಮ ಬೇರೆಯಾದುದರಿಂದ ನೇರವಾಗಿ ತೂಗಿ ನೋಡುವುದು ಸರಿಯಲ್ಲವಾದರೂ, ಅದಕ್ಕೆ ತುಸು ಹಿಂದೆ 2018–20ರ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ ಅಂಕಿಯೂ 69 ಇದ್ದುದನ್ನು ನೆನೆದರೆ, ಜಗತ್ತಿನ ಅತ್ಯಂತ ಶ್ರೀಮಂತ ದೇಶದಲ್ಲಿ ಕಪ್ಪು ತಾಯಿಯ ಸ್ಥಿತಿ ಏನೆಂಬುದು ಕನ್ನಡಿಗರಿಗೆ ಮನಸ್ಸಿಗೆ ನಾಟೀತು. ಮಾರಿ ಇಳಿದ ಮೇಲೆ, 2023ರಲ್ಲಿ, ಬಿಳಿಯ ತಾಯಂದಿರ ಅಂಕಿ 14.5ಕ್ಕೆ ಇಳಿಯಿತು, ಕಪ್ಪು ತಾಯಂದಿರದು 50.3ರಲ್ಲೇ ನಿಂತಿತು. ಎಂದರೆ ಸಾವುಗಳು ಒಟ್ಟಿನಲ್ಲಿ ಕಡಮೆಯಾಗುತ್ತಿರುವಾಗಲೇ ಇವರಿಬ್ಬರ ನಡುವಣ ಅಂತರ ಮೂರು ಪಟ್ಟನ್ನು ದಾಟಿತು. ಹೃದಯದ ದೌರ್ಬಲ್ಯ, ಏರಿದ ರಕ್ತದೊತ್ತಡ ಮತ್ತು ಅದರಿಂದ ಬರುವ ಗರ್ಭಿಣಿಯ ನಂಜು, ನಿಲ್ಲದ ರಕ್ತಸ್ರಾವ, ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ ರಕ್ತ, ಇವು ಮುಖ್ಯ ಕಾರಣಗಳು. ಪ್ರತಿಯೊಂದು ಸಾವನ್ನೂ ಕೂತು ಪರಿಶೀಲಿಸುವ ಸಮಿತಿಗಳು ನೂರರಲ್ಲಿ ಎಂಬತ್ತಕ್ಕೂ ಮೀರಿದ ಸಾವುಗಳನ್ನು ತಪ್ಪಿಸಬಹುದಾಗಿತ್ತೆಂದು ತೀರ್ಮಾನಿಸಿವೆ.

ಬಡತನವೇ ಇದಕ್ಕೆಲ್ಲ ಮೂಲವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಶಾಲನ್ ಅರ್ವಿಂಗ್ ಬಡವರಾಗಿರಲಿಲ್ಲ, ಅಜ್ಞರಂತೂ ಅಲ್ಲವೇ ಅಲ್ಲ. ಮೇಲೆ ಹೇಳಿದ ಆ ರೋಗನಿಯಂತ್ರಣ ಕೇಂದ್ರದಲ್ಲಿಯೇ ಸಾಂಕ್ರಾಮಿಕ ಶಾಸ್ತ್ರದ ವಿದುಷಿ. ಜನಾಂಗದ ಕಾರಣದಿಂದ ಆರೋಗ್ಯದಲ್ಲಿ ಉಂಟಾಗುವ ಅಸಮಾನತೆಯೇ ಅವರ ಅಧ್ಯಯನದ ವಿಷಯ. 2017ರ ಜನವರಿಯ ಮೊದಲ ವಾರದಲ್ಲಿ ಅವರಿಗೆ ಹೆಣ್ಣುಮಗು ಹುಟ್ಟಿತು. ಆಮೇಲಿನ ದಿನಗಳಲ್ಲಿ ಕಾಲು ಊದಿತು, ತೂಕ ಏರಿತು, ತಲೆ ನೋಯತೊಡಗಿತು, ರಕ್ತದೊತ್ತಡ ಹತೋಟಿ ತಪ್ಪಿತು. ತನಗೇನೋ ಸರಿಯಿಲ್ಲವೆಂದು ಹೇಳಿಕೊಂಡು ಮತ್ತೆ ಮತ್ತೆ ಅವರು ವೈದ್ಯರಲ್ಲಿಗೆ ಹೋದರು. ಕಡೆಯ ಸಲ ಔಷಧದ ಚೀಟಿ ಬರೆಯಿಸಿಕೊಂಡು ಬಂದ ದಿನವೇ ಮನೆಯಲ್ಲಿ ಕುಸಿದು ಬಿದ್ದು, ಆ ತಿಂಗಳು ಮುಗಿಯುವುದರೊಳಗೆ ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ತಾನು ಯಾವ ಲೆಕ್ಕವನ್ನು ಬರೆಯುತ್ತಿದ್ದಳೋ ಆ ಲೆಕ್ಕದೊಳಗೇ ಸೇರಿಹೋದ ಮಗಳ ಕೂಸನ್ನು ಎತ್ತಿಕೊಂಡ ತಾಯಿ ವಾಂಡಾ ಅರ್ವಿಂಗ್, ಮಗಳ ಹೆಸರಿನಲ್ಲಿ ಸಂಸ್ಥೆಯೊಂದನ್ನು ಕಟ್ಟಿ ಇಂದಿಗೂ ಊರೂರು ಸುತ್ತಿ ಮಾತಾಡುತ್ತಿದ್ದಾರೆ. ಇದು ಒಂದು ಮನೆಯ ದುರದೃಷ್ಟ ಮಾತ್ರವಲ್ಲ. ಕ್ಯಾಲಿಫೋರ್ನಿಯಾದ ಜನನಗಳನ್ನು ತೆರಿಗೆಯ ದಾಖಲೆಗಳೊಡನೆ ಹೊಂದಿಸಿ ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಅತ್ಯಂತ ಶ್ರೀಮಂತರಾದ ಕಪ್ಪು ತಾಯಂದಿರಿಗೆ ಹುಟ್ಟಿದ ಶಿಶುಗಳ ಆರೋಗ್ಯವು ಅತ್ಯಂತ ಬಡ ಬಿಳಿಯ ತಾಯಂದಿರ ಶಿಶುಗಳಿಗಿಂತಲೂ ಕೆಳಮಟ್ಟದಲ್ಲಿತ್ತೆಂದು ತೋರಿಸಿಕೊಟ್ಟಿತು.

ಹಾಗಾದರೆ ಕಾರಣವೇನು? ಆರ್ಲೀನ್ ಜೆರೊನಿಮಸ್ ಎಂಬ ವಿದುಷಿ 1992ರಲ್ಲಿ ಮುಂದಿಟ್ಟ ವಿಚಾರವೊಂದುಂಟು: ಬಿಸಿಲು ಮಳೆ ಗಾಳಿಗಳಿಗೆ ಸಿಕ್ಕಿದ ಬಂಡೆ ಹೇಗೆ ಸವೆಯುತ್ತದೆಯೋ ಹಾಗೆ ದಿನದಿನದ ಅವಮಾನ, ಆತಂಕ, ಎಚ್ಚರಿಕೆಗಳಿಗೆ ಸಿಕ್ಕಿದ ದೇಹವೂ ಒಳಗೊಳಗೇ ಸವೆದು ಅಕಾಲದಲ್ಲಿ ಮುಪ್ಪಾಗುತ್ತದೆ. ಇದು ಒಂದು ಮುಖ. ಇನ್ನೊಂದು ಮುಖ ವೈದ್ಯಕೀಯದ ಒಳಗೇ ಇದೆ. ಹತ್ತೊಂಬತ್ತನೆಯ ಶತಮಾನದ ನಲವತ್ತರ ದಶಕದಲ್ಲಿ ಆಲಬಾಮಾದ ಮಾಂಟ್ಗಮರಿಯಲ್ಲಿ ಮೇರಿಯನ್ ಸಿಮ್ಸ್ ಎಂಬ ವೈದ್ಯನು ಆನಾರ್ಕಾ, ಲೂಸಿ, ಬೆಟ್ಸಿ ಎಂಬ ಗುಲಾಮ ತರುಣಿಯರ ಮೇಲೆ ಅರಿವಳಿಕೆ ಕೊಡದೆ ಮತ್ತೆ ಮತ್ತೆ ಶಸ್ತ್ರಪ್ರಯೋಗ ಮಾಡಿ, ಅದರಿಂದ ಸ್ತ್ರೀರೋಗ ಚಿಕಿತ್ಸೆಯ ಪಿತಾಮಹನೆಂಬ ಕೀರ್ತಿಯನ್ನು ಗಳಿಸಿಕೊಂಡನು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ನಿಂತಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ತೆಗೆದುಹಾಕಿದರು. ಆದರೆ ಕಪ್ಪು ದೇಹಕ್ಕೆ ನೋವು ಕಡಮೆ ಎಂಬ ನಂಬಿಕೆಯನ್ನು ತೆಗೆದುಹಾಕುವುದು ಅಷ್ಟು ಸುಲಭವಲ್ಲ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಬಿಳಿಯ ವೈದ್ಯವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ವಿಚಾರಿಸಿದಾಗ, ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳು ನಂಬಿಕೆಗಳಲ್ಲಿ ಒಂದನ್ನಾದರೂ ನಿಜವೆಂದು ಒಪ್ಪಿದವರು ಸುಮಾರು ಅರ್ಧದಷ್ಟಿದ್ದರು. ರೋಗಿಯ ನೋವನ್ನೇ ನಂಬದವನ ಕೈಯಲ್ಲಿ ಎಷ್ಟು ಉತ್ತಮ ಯಂತ್ರವಿದ್ದರೇನು, ಅದನ್ನು ಅವನು ಎತ್ತಿಕೊಳ್ಳುವುದೇ ತಡವಾಗಿ.

ಟೆನಿಸ್ ಆಟದಲ್ಲಿ ಲೋಕವನ್ನೇ ಗೆದ್ದ ಸೆರೀನಾ ವಿಲಿಯಮ್ಸ್ ಅವರಿಗೂ ಇದೇ ಆಯಿತು. 2017ರ ಸೆಪ್ಟೆಂಬರಿನಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ಮರುದಿನ ಅವರಿಗೆ ಉಸಿರು ಕಟ್ಟತೊಡಗಿತು. ಹಿಂದೆಯೂ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಕಷ್ಟಪಟ್ಟಿದ್ದ ಅವರಿಗೆ ಅದೇನೆಂದು ಕ್ಷಣದಲ್ಲಿ ತಿಳಿಯಿತು. ಮಂಚದಿಂದೆದ್ದು ಹೊರಗೆ ಬಂದು, ತನಗೆ ಸಿ.ಟಿ. ಸ್ಕ್ಯಾನ್ ಆಗಬೇಕು, ರಕ್ತವನ್ನು ತೆಳುಗೊಳಿಸುವ ಹೆಪಾರಿನ್ ಕೊಡಬೇಕು ಎಂದು ಔಷಧದ ಹೆಸರು ಹಿಡಿದೇ ಕೇಳಿದರು. ನೋವಿನ ಔಷಧದಿಂದ ಈಕೆಗೆ ಮಂಕು ಕವಿದಿರಬೇಕೆಂದು ದಾದಿ ಭಾವಿಸಿದಳು. ವೈದ್ಯರು ಬಂದು ಮೊದಲು ಕಾಲುಗಳನ್ನು ಅಲ್ಟ್ರಾಸೌಂಡಿನಿಂದ ನೋಡಿದರು, ಅಲ್ಲೇನೂ ಕಾಣಲಿಲ್ಲ. ಸೆರೀನಾ ಪಟ್ಟು ಬಿಡದೆ ಹೇಳಿದ ಮೇಲೆ ಸ್ಕ್ಯಾನ್ ಆಯಿತು, ಶ್ವಾಸಕೋಶದಲ್ಲಿ ಹೆಪ್ಪುಗಳು ಕಂಡುವು. ಅನಂತರ ಕೆಮ್ಮಿ ಕೆಮ್ಮಿ ಹೊಲಿಗೆ ಬಿಚ್ಚಿ, ಹೊಟ್ಟೆಯೊಳಗೆ ರಕ್ತ ತುಂಬಿ, ಮತ್ತೆ ಶಸ್ತ್ರಚಿಕಿತ್ಸೆಯಾಗಿ, ಮಗುವಿನೊಡನೆ ಮನೆಗೆ ಬಂದ ಮೇಲೆ ಆರು ವಾರ ಹಾಸಿಗೆಯಲ್ಲಿದ್ದರು. ಹಣ, ಕೀರ್ತಿ, ತನ್ನ ದೇಹದ ಸೂಕ್ಷ್ಮಜ್ಞಾನ ಇವೆಲ್ಲ ಇದ್ದವರೇ ಇಷ್ಟು ಹೋರಾಡಬೇಕಾಯಿತು. ಬೇನೆಯಿಂದ ಬಸವಳಿದು, ಅಂಜಿಕೆಯಿಂದ ಬಾಯಿ ಕಟ್ಟಿದ ಸಾಮಾನ್ಯ ಹೆಣ್ಣಿನ ಪರವಾಗಿ ಆ ಹೊತ್ತಿನಲ್ಲಿ ಮಾತಾಡುವವರು ಯಾರು?

ಆ ಮಾತಿಗೆ ಉತ್ತರವಾಗಿ ಬಂದವಳು ಡೂಲಾ. ಈ ಶಬ್ದಕ್ಕೆ ಗ್ರೀಕ್ ಮೂಲ; ಡೇನಾ ರಫೇಲ್ ಎಂಬ ಮಾನವಶಾಸ್ತ್ರಜ್ಞೆ 1973ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಇಂಗ್ಲಿಷಿನಲ್ಲಿ ಬಳಕೆಗೆ ಬಂತು. ಪ್ರಾಚೀನ ಗ್ರೀಕಿನಲ್ಲಿ ಅದಕ್ಕೆ ದಾಸಿ, ಗುಲಾಮ ಹೆಂಗಸು ಎಂದು ಅರ್ಥ. ಗುಲಾಮರ ಮೊಮ್ಮಕ್ಕಳಿಗೆ ಈ ಹೆಸರು ಹಿಡಿಸದಿರುವುದು ಸಹಜ. ಆದುದರಿಂದ ಕಪ್ಪು ಮಹಿಳೆಯರಲ್ಲಿ ಹಲವರು ತಮ್ಮನ್ನು ಜನನದ ಕೆಲಸದವರು, ಜನನದ ಸಂಗಾತಿಗಳು ಎಂದು ಕರೆದುಕೊಳ್ಳುವುದುಂಟು. ಡೂಲಾ ಹೆರಿಗೆ ಮಾಡಿಸುವವಳಲ್ಲ. ಅವಳು ನಾಡಿ ನೋಡುವುದಿಲ್ಲ, ಔಷಧ ಕೊಡುವುದಿಲ್ಲ, ಹೊಕ್ಕುಳಬಳ್ಳಿ ಕತ್ತರಿಸುವುದಿಲ್ಲ. ಅದು ಸೂಲಗಿತ್ತಿಯ ಅಥವಾ ವೈದ್ಯನ ಕೆಲಸ. ಆರನೆಯ ಏಳನೆಯ ತಿಂಗಳಿನಿಂದ ಬಸುರಿಯ ಮನೆಗೆ ಹೋಗಿ ಬಂದು ಪರಿಚಯ ಬೆಳೆಸಿಕೊಂಡು, ಬೇನೆ ಆರಂಭವಾದಾಗಿನಿಂದ ಕೂಸು ಹುಟ್ಟುವ ತನಕ ಪಕ್ಕ ಬಿಡದಿರುವುದೇ ಅವಳ ವೃತ್ತಿ. ದಾದಿಯ ಪಾಳಿ ಮುಗಿಯುತ್ತದೆ, ವೈದ್ಯರು ಬದಲಾಗುತ್ತಾರೆ, ಇವಳು ಬದಲಾಗುವುದಿಲ್ಲ. ಸೊಂಟವನ್ನು ಅಂಗೈಯಿಂದ ಒತ್ತಿ ಹಿಡಿಯುವುದು, ಮಗ್ಗುಲು ಬದಲಿಸಿ ಮಲಗಿಸುವುದು, ಒಣಗಿದ ತುಟಿಗೆ ನೀರು ಮುಟ್ಟಿಸುವುದು, ಉಸಿರಿನ ಲಯ ತಪ್ಪಿದಾಗ ತಾನೂ ಜೊತೆಯಲ್ಲಿ ಉಸಿರೆಳೆದು ಬಿಟ್ಟು ದಾರಿಗೆ ತರುವುದು. ನಮ್ಮಲ್ಲಿ ತವರಿನ ಹಿರಿಯಳೊಬ್ಬಳು ಮಾಡುತ್ತಿದ್ದ ಕೆಲಸಗಳೇ ಇವೆಲ್ಲ. ಇವುಗಳ ನಡುವೆ, ವೈದ್ಯರು ಏನನ್ನಾದರೂ ಮಾಡಹೊರಟಾಗ, 'ಇದೇಕೆಂದು ಕೇಳಬೇಕೆನಿಸಿದರೆ ಕೇಳಮ್ಮ, ಅವರು ಹೇಳುವವರೆಗೂ ನಾನಿಲ್ಲೇ ಇರುತ್ತೇನೆ' ಎಂದು ಅವಳ ಕಿವಿಯಲ್ಲಿ ಹೇಳುವುದೂ ಸೇರಿದೆ.

ಇಂಥ ಜೊತೆಯಿಂದ ನಿಜವಾಗಿ ಪ್ರಯೋಜನವುಂಟೇ ಎಂದು ಕೇಳುವವರಿಗೆ ಉತ್ತರ ಉಂಟು. ಕ್ಲಾಸ್ ಮತ್ತು ಕೆನೆಲ್ ಎಂಬ ವೈದ್ಯರೂ ಅವರ ಸಂಗಡಿಗರೂ ಗ್ವಾಟೆಮಾಲಾ ದೇಶದ ಆಸ್ಪತ್ರೆಯೊಂದರಲ್ಲಿ ಚೊಚ್ಚಲ ಹೆರಿಗೆಯವರನ್ನು ನೋಡಿ 1980ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಒಂಟಿಯಾಗಿ ಬೇನೆ ತಿಂದವರಿಗೆ ಹೆರಿಗೆಯಾಗಲು ಸರಾಸರಿ 19 ಗಂಟೆ ಹಿಡಿದರೆ, ಅಪರಿಚಿತಳಾದರೂ ಸರಿಯೆ ಹೆಂಗಸೊಬ್ಬಳು ಜೊತೆಯಲ್ಲಿ ಕೂತು ಬೆನ್ನು ಸವರಿ ಮಾತಾಡುತ್ತಿದ್ದವರಿಗೆ 9 ಗಂಟೆಗಳೊಳಗೆ ಆಗಿಹೋಗಿತ್ತು. ಆಮೇಲೆ ಹದಿನೇಳು ದೇಶಗಳಲ್ಲಿ, ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಕಾಕ್ರೇನ್ ಸಂಸ್ಥೆ ಹೊರಡಿಸಿದ ವಿಮರ್ಶೆಯೂ, ಎಡೆಬಿಡದ ಜೊತೆಯಿಂದ ಸಹಜ ಹೆರಿಗೆ ಹೆಚ್ಚುತ್ತದೆ, ಶಸ್ತ್ರಚಿಕಿತ್ಸೆ ಕಡಮೆಯಾಗುತ್ತದೆ, ಬೇನೆಯ ಹೊತ್ತು ತಗ್ಗುತ್ತದೆ ಎಂಬ ತೀರ್ಮಾನಕ್ಕೇ ಬಂತು.

ಡೂಲಾಳೊಡನೆ ಸೂಲಗಿತ್ತಿಯೂ ಮರಳುತ್ತಿದ್ದಾಳೆ, ಈಗ ಪದವಿ ಪರವಾನಗಿಗಳೊಡನೆ. ಫ್ಲೋರಿಡಾ ರಾಜ್ಯದ ವಿಂಟರ್ ಗಾರ್ಡನ್ ಎಂಬ ಊರಿನಲ್ಲಿ, ಇಂಗ್ಲೆಂಡಿನಲ್ಲಿ ಶಿಕ್ಷಣ ಪಡೆದ ಜೆನಿ ಜೋಸೆಫ್ ಎಂಬ ಕಪ್ಪು ಸೂಲಗಿತ್ತಿ ಒಂದು ಚಿಕಿತ್ಸಾಲಯವನ್ನು ನಡೆಸುತ್ತ ಬಂದಿದ್ದಾರೆ. ಅವರ ನಿಯಮ ಒಂದೇ: ಬಾಗಿಲಿಗೆ ಬಂದ ಬಸುರಿಯನ್ನು ಹಣವಿಲ್ಲ, ವಿಮೆಯಿಲ್ಲ, ತಿಂಗಳು ತುಂಬುತ್ತ ಬಂತು ಎಂಬ ಯಾವ ಕಾರಣಕ್ಕೂ ಹಿಂದಿರುಗಿಸಬಾರದು. ಹೆರಿಗೆ ಎಲ್ಲಿಯೇ ಆಗಲಿ, ಬಸಿರಿನ ಕಾಲದ ಆರೈಕೆ ಇಲ್ಲಿ ನಡೆಯುತ್ತದೆ. ಮೇಜಿನ ಹಿಂದೆ ಹೆಸರು ಬರೆದುಕೊಳ್ಳುವವಳು ಸಹ ಬಂದವಳನ್ನು ವಿಚಾರಿಸಿಕೊಳ್ಳುವ ಬಳಗದಲ್ಲಿ ಒಬ್ಬಳು. 'ಟೈಮ್' ಪತ್ರಿಕೆ 2022ರಲ್ಲಿ ಅವರನ್ನು ವರ್ಷದ ಮಹಿಳೆಯರಲ್ಲಿ ಒಬ್ಬರೆಂದು ಗೌರವಿಸಿತು.

ಆದರೆ ಒಬ್ಬೊಬ್ಬರ ಸತ್ಕಾರ್ಯದಿಂದ ದೇಶದ ಲೆಕ್ಕ ಬದಲಾಗುವುದಿಲ್ಲ. ಅದಕ್ಕೆ ಕಾನೂನು ಬೇಕು, ಹಣ ಬೇಕು. 2016ರಲ್ಲಿ ಎರಡನೆಯ ಹೆರಿಗೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಕೀರಾ ಜಾನ್ಸನ್ ಎಂಬಾಕೆ ಹೊಟ್ಟೆಯೊಳಗಿನ ರಕ್ತಸ್ರಾವದಿಂದ ಮಡಿದರು. ಮೂತ್ರದ ನಳಿಗೆಯಲ್ಲಿ ರಕ್ತ ಕಂಡು, ಏನಾದರೂ ಮಾಡಿರೆಂದು ಗಂಟೆಗಟ್ಟಲೆ ಅಂಗಲಾಚಿದ ಗಂಡ ಚಾರ್ಲ್ಸ್ ಜಾನ್ಸನ್ ಎರಡು ಎಳೆಯ ಮಕ್ಕಳೊಡನೆ ಉಳಿದರು. ಅವರು ರಾಷ್ಟ್ರದ ಶಾಸನಸಭೆಯ ಮುಂದೆ ಬಂದು ನುಡಿದ ಸಾಕ್ಷ್ಯವನ್ನು ಕೇಳಿದ ವರ್ಷವೇ, 2018ರ ಡಿಸೆಂಬರಿನಲ್ಲಿ, ಪ್ರತಿಯೊಂದು ತಾಯಿಮರಣವನ್ನೂ ಪರಿಶೀಲಿಸುವ ಸಮಿತಿಗಳಿಗೆ ಕೇಂದ್ರದಿಂದ ಹಣವೊದಗಿಸುವ ಕಾಯಿದೆ ಅಂಗೀಕೃತವಾಯಿತು. ಲಾರೆನ್ ಅಂಡರ್‌ವುಡ್ ಮತ್ತು ಆಲ್ಮಾ ಆಡಮ್ಸ್ ಎಂಬ ಸದಸ್ಯೆಯರು 2019ರಲ್ಲಿ ಕಪ್ಪು ತಾಯಂದಿರ ಆರೋಗ್ಯಕ್ಕೆಂದೇ ಶಾಸಕರ ಕೂಟವನ್ನು ಕಟ್ಟಿದರು. ಮರುವರ್ಷ ಕಮಲಾ ಹ್ಯಾರಿಸ್ ಅವರೊಡಗೂಡಿ 'ಮಾಮ್ನಿಬಸ್' ಎಂಬ ಮಸೂದೆಗಳ ಗೊಂಚಲನ್ನು ಮಂಡಿಸಿದರು. ಅದರಲ್ಲಿ ಸೈನ್ಯದಲ್ಲಿ ಸೇವೆ ಸಲ್ಲಿಸಿದ ತಾಯಂದಿರಿಗೆ ಸಂಬಂಧಿಸಿದ ಒಂದು ಮಸೂದೆ 2021ರಲ್ಲಿ ಕಾನೂನಾಯಿತು. ಅದಕ್ಕಿಂತ ದೊಡ್ಡ ಫಲ ಬೇರೆ ಕಡೆಯಿಂದ ಬಂತು. ಬಡವರ ವಿಮೆಯಾದ ಮೆಡಿಕೇಯ್ಡ್ ಕಪ್ಪು ತಾಯಂದಿರ ಹೆರಿಗೆಗಳಲ್ಲಿ ಸುಮಾರು ಮೂರರಲ್ಲಿ ಎರಡಕ್ಕೆ ವೆಚ್ಚ ಕೊಡುತ್ತದೆ. ಬಸಿರಿನ ಕಾರಣದಿಂದಲೇ ಆ ವಿಮೆ ದೊರೆತ ಹೆಂಗಸಿಗೆ ಹೆರಿಗೆಯಾಗಿ 60 ದಿನಗಳಿಗೆ ಅದು ನಿಂತುಹೋಗಬಹುದಿತ್ತು. ಅದನ್ನು ಒಂದು ವರ್ಷಕ್ಕೆ ವಿಸ್ತರಿಸುವ ಅವಕಾಶ 2021ರ ಶಾಸನದಿಂದ ದೊರೆತು, ರಾಜ್ಯಗಳಲ್ಲಿ ಬಹುಪಾಲು ಅದನ್ನು ಬಳಸಿಕೊಂಡಿವೆ. ಆರೆಗನ್, ಮಿನೆಸೋಟಾ ರಾಜ್ಯಗಳು ಮೊದಲಾಗಿ, 2023ರಲ್ಲಿ ಕ್ಯಾಲಿಫೋರ್ನಿಯಾ ಸೇರಿ, ಡೂಲಾಳ ಸಂಬಳವನ್ನೂ ಈ ವಿಮೆಯಿಂದಲೇ ಕೊಡತೊಡಗಿವೆ.

'ಬ್ಲ್ಯಾಕ್ ಮಾಮಾಸ್ ಮ್ಯಾಟರ್ ಅಲಯನ್ಸ್' ಎಂಬ ಒಕ್ಕೂಟ 2018ರಿಂದ ಪ್ರತಿ ವರ್ಷ ಏಪ್ರಿಲ್ 11ರಿಂದ 17ರವರೆಗೆ ಕಪ್ಪು ತಾಯಂದಿರ ಆರೋಗ್ಯ ಸಪ್ತಾಹವನ್ನು ಆಚರಿಸುತ್ತ ಬಂದಿದೆ. ಆ ಏಪ್ರಿಲ್ 11 ಕಸ್ತೂರಬಾ ಅವರ ಜನ್ಮದಿನ. 2003ರಿಂದ ನಮ್ಮ ದೇಶ ಆ ದಿನವನ್ನು ಸುರಕ್ಷಿತ ಮಾತೃತ್ವ ದಿನವೆಂದು ಆಚರಿಸುತ್ತಿದೆ. ಸಾಗರದ ಎರಡು ದಡಗಳಲ್ಲಿ ಒಂದೇ ದಿನ ತಾಯಂದಿರ ನೆನಪಾಗುವುದು ನನಗೆ ಸಂತೋಷವನ್ನು ಕೊಡುತ್ತದೆ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳದೆ ಇರಲಾರೆ. ಆಸ್ಪತ್ರೆಯ ದೋಷವನ್ನೆಲ್ಲ ತುಂಬಿಕೊಡುವ ಭಾರವನ್ನು ಅಲ್ಪ ಸಂಬಳದ ಡೂಲಾಳ ಹೆಗಲಿಗೆ ಹೇರಿ ಸುಮ್ಮನಾಗುವುದು ಇನ್ನೊಂದು ಅನ್ಯಾಯವಾದೀತು. ವಿಪರೀತ ರಕ್ತಸ್ರಾವವನ್ನು ಪ್ರೀತಿಯ ಮಾತು ನಿಲ್ಲಿಸಲಾರದು. ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳು 2006ರಿಂದೀಚೆಗೆ ಒಂದು ಕ್ರಮವನ್ನು ಕೈಗೊಂಡುವು: ಹೋದ ರಕ್ತವನ್ನು ಕಣ್ಣಂದಾಜಿನಿಂದ ಎಣಿಸದೆ, ತೊಯ್ದ ಬಟ್ಟೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿ ಲೆಕ್ಕ ಹಾಕಬೇಕು, ರಕ್ತಸ್ರಾವಕ್ಕೆ ಬೇಕಾದ ಔಷಧ ಉಪಕರಣಗಳೆಲ್ಲ ತುಂಬಿದ ಗಾಡಿಯೊಂದು ಹೆರಿಗೆ ವಾರ್ಡಿನಲ್ಲಿ ಸದಾ ಸಿದ್ಧವಾಗಿರಬೇಕು. ಏಳೆಂಟು ವರ್ಷಗಳಲ್ಲಿ ಆ ರಾಜ್ಯದ ತಾಯಿಮರಣ ಅರ್ಧಕ್ಕಿಂತ ಕೆಳಗಿಳಿಯಿತು. ತಕ್ಕಡಿಗೆ ತಾಯಿಯ ಬಣ್ಣ ಕಾಣುವುದಿಲ್ಲ. ಆದರೂ ಕಪ್ಪು ಬಿಳಿಯರ ನಡುವಣ ಅಂತರ ಅಲ್ಲಿಯೂ ಅಳಿಯಲಿಲ್ಲವೆಂಬುದನ್ನು ಕಂಡಾಗ, ತಕ್ಕಡಿಯೂ ಬೇಕು, ಮಗ್ಗುಲಲ್ಲಿ ಕೂರುವವಳೂ ಬೇಕು ಎನ್ನಬೇಕಾಗುತ್ತದೆ.

ತಾಯಿಮರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಂಭವಿಸುವುದು ಹೆರಿಗೆಯ ಮಂಚದ ಮೇಲಲ್ಲ; ಮನೆಗೆ ಬಂದು, ನೋಡಲು ಬಂದವರ ಕಣ್ಣೆಲ್ಲ ತೊಟ್ಟಿಲ ಮೇಲಿರುವಾಗ, ವಾರ ಕಳೆದ ಮೇಲೆ. ಆದುದರಿಂದ ಬಾಣಂತಿಯ ಮನೆಗೆ ಹೋಗಿ ಬರುವುದನ್ನು ಡೂಲಾಗಳು ಈಗ ತಮ್ಮ ಕೆಲಸದ ದೊಡ್ಡ ಪಾಲೆಂದು ಎಣಿಸುತ್ತಾರೆ. ಬಾಗಿಲು ದಾಟಿ ಬಂದವಳು ಕೈ ತೊಳೆದುಕೊಂಡು ಮೊದಲು ತಾಯಿಯ ಪಕ್ಕದಲ್ಲಿ ಕೂರುತ್ತಾಳೆ. ರಾತ್ರಿ ನಿದ್ದೆ ಬಂತೇ, ತಲೆ ನೋಯುತ್ತಿದೆಯೇ, ಕಣ್ಣಿಗೆ ಮಂಜು ಕವಿದಂತಾಗುತ್ತದೆಯೇ, ಮಲಗಿದರೆ ಉಸಿರಿಗೆ ಕಷ್ಟವೇ ಎಂದು ಒಂದೊಂದಾಗಿ ಕೇಳುತ್ತಾಳೆ. ಬಾಣಂತಿ ತನ್ನ ತೋಳಿಗೆ ತಾನೇ ಪಟ್ಟಿಯನ್ನು ಸುತ್ತಿಕೊಂಡು ರಕ್ತದೊತ್ತಡ ಅಳೆಯುವ ಯಂತ್ರದ ಗುಂಡಿಯೊತ್ತುತ್ತಾಳೆ. ಇಬ್ಬರೂ ಅಂಕಿಯನ್ನು ನೋಡುತ್ತಾರೆ. ಮೇಲಿನ ಅಂಕಿ 160ನ್ನು ಮುಟ್ಟಿದ್ದರೆ ನಾಳೆಯವರೆಗೆ ಕಾಯುವಂತಿಲ್ಲ. ಡೂಲಾ ಎದ್ದು ಕೂಸನ್ನು ಮನೆಯವರ ಕೈಗೆ ಕೊಡುತ್ತಾಳೆ, ಬಾಣಂತಿಗೆ ಚಪ್ಪಲಿ ತಂದಿಡುತ್ತಾಳೆ. ಆಸ್ಪತ್ರೆಯ ಕಿಟಕಿಯ ಮುಂದೆ ಅವಳೊಡನೆ ನಿಂತು, ಇವಳಿಗೆ ಹೆರಿಗೆಯಾಗಿ ಹತ್ತು ದಿನ, ಒತ್ತಡ ಇಷ್ಟಿದೆ, ತಲೆನೋವೆಂದು ಹೇಳುತ್ತಿದ್ದಾಳೆ ಎಂದು ತಿಳಿಸಿ, ಒಳಗೆ ಕರೆಯುವವರೆಗೂ ಅಲ್ಲಿಂದ ಕದಲುವುದಿಲ್ಲ.